ಕ್ಲಿಂಗನ್ನರ ಹಣೆಬರಹ

ಕ್ಲಿಂಗನ್ನರಿಗೆ ಮೊದಲು ನಮ್ಮ ನಿಮ್ಮಂಥದೇ ನುಣುಪು ಹಣೆ ಇತ್ತು. ಆಮೇಲೊಂದು ದಿನ ಹೇಳದೆ ಕೇಳದೆ ಹಣೆಯ ತುಂಬ ಮೂಳೆಯ ಏಣುಗಳೆದ್ದವು. ಇದು ಯಾಕಾಯಿತು ಎಂದು ಜಗತ್ತಿನ ಒಂದಷ್ಟು ಜನ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ತಲೆ ಕೆಡಿಸಿಕೊಂಡರು. ಕ್ಲಿಂಗನ್ನರು ಯಾರು ಎಂದು ಕೇಳುವವರಿಗೆ ಮೊದಲು ಹೇಳಬೇಕಾದ ಮಾತೆಂದರೆ, ಅಂಥವರು ಯಾರೂ ಇಲ್ಲ. ಇಲ್ಲದವರ ಹಣೆಯಲ್ಲಿ ಏನೋ ಎದ್ದಿತಂತೆ. ಅದಕ್ಕೆ ಇರುವವರು ಊಟ ಬಿಟ್ಟು ವಾದ ಮಾಡಿದರಂತೆ. ಕೇಳಿದವರು ನಗುತ್ತಾರೆ. ನಗಲಿ. ನಾನೂ ಆ ವಾದ ಮಾಡಿದವರಲ್ಲಿ ಒಬ್ಬ.

1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 'ಸ್ಟಾರ್ ಟ್ರೆಕ್' ಶುರುವಾಯಿತು. ಎಂಟರ್‌ಪ್ರೈಸ್ ಎಂಬ ಅಂತರಿಕ್ಷ ಹಡಗು, ಅದಕ್ಕೆ ಕರ್ಕ್ ಎಂಬ ಕ್ಯಾಪ್ಟನ್, ಅವನ ಪಕ್ಕ ಚೂಪು ಕಿವಿಯ, ನಗದ, ಅಳದ, ವಲ್ಕನ್ ಗ್ರಹದ ಸ್ಪಾಕ್. ನಮ್ಮ ಕಡೆಯವರಿಗೆ ಇವರ ಮುಖಪರಿಚಯವಾದದ್ದು ಎಂಬತ್ತರ ದಶಕದಲ್ಲಿ, ದೂರದರ್ಶನದ ದಯೆಯಿಂದ. ಶತ್ರುಗಳಾದ ಕ್ಲಿಂಗನ್ನರು ಕಾಣಿಸಿಕೊಂಡದ್ದು 1967ರಲ್ಲಿ. ಮುಖಕ್ಕೆ ಒಂದು ಕೋಟು ಕಂದು ಬಣ್ಣ, ಜೋಲು ಮೀಸೆ, ದಪ್ಪ ಹುಬ್ಬು, ವೇಷ ಮುಗಿಯಿತು. 1979ರಲ್ಲಿ ಇದೇ ಕಥೆ ಸಿನಿಮಾ ಆದಾಗ ನಿರ್ಮಾಪಕರ ಕೈಯಲ್ಲಿ ದುಡ್ಡು ಆಡುತ್ತಿತ್ತು. ಹಣೆಗೆ ಏಣು ಬಂತು. ಒಟ್ಟಿನಲ್ಲಿ ಮೊದಲು ಹಣ ಇರಲಿಲ್ಲ, ಆಮೇಲೆ ಬಂತು. ಇಷ್ಟೇ ಸಂಗತಿ. ಇದು ಎಲ್ಲರಿಗೂ ಗೊತ್ತು.

ಆದರೆ ಅಭಿಮಾನಿಗಳ ಕೋರ್ಟಿನಲ್ಲಿ ಈ ಸಾಕ್ಷಿ ನಡೆಯುವುದಿಲ್ಲ. ಕಥೆಯೊಳಗಿನ ತೊಡಕಿಗೆ ಪರಿಹಾರ ಕಥೆಯೊಳಗಿಂದಲೇ ಬರಬೇಕು. ಹೊರಗಿನ ಲೆಕ್ಕಪತ್ರ ತಂದು ತೋರಿಸುವುದು ಅಪಚಾರ. ಈ ಚಟ ಸ್ಟಾರ್ ಟ್ರೆಕ್‌ನವರು ಕಂಡುಹಿಡಿದದ್ದೇನೂ ಅಲ್ಲ. ಷೆರ್ಲಾಕ್ ಹೋಮ್ಸ್‌ನ ಮಿತ್ರ ಡಾಕ್ಟರ್ ವಾಟ್ಸನ್‌ಗೆ ಒಂದು ಪುಸ್ತಕದಲ್ಲಿ ಭುಜಕ್ಕೆ ಗುಂಡು ಬಿದ್ದಿದೆ, ಇನ್ನೊಂದರಲ್ಲಿ ಕಾಲಿಗೆ. ಅವನ ಹೆಸರು ಜಾನ್ ಎಚ್. ವಾಟ್ಸನ್, ಆದರೆ ಒಂದು ಕಥೆಯಲ್ಲಿ ಹೆಂಡತಿಯೇ ಅವನನ್ನು ಜೇಮ್ಸ್ ಎಂದು ಕರೆಯುತ್ತಾಳೆ. ಬರೆಯುವಾಗ ಕಾನನ್ ಡಾಯ್ಲ್‌ಗೆ ಮರೆತಿತ್ತು ಎಂದುಬಿಟ್ಟರೆ ಆಟವೇ ಮುಗಿಯಿತಲ್ಲ! 1911ರಲ್ಲಿ ರೊನಾಲ್ಡ್ ನಾಕ್ಸ್ ಎಂಬವರು ಧರ್ಮಗ್ರಂಥಕ್ಕೆ ವ್ಯಾಖ್ಯಾನ ಬರೆಯುವ ಗಾಂಭೀರ್ಯದಲ್ಲಿ ಹೋಮ್ಸ್ ಕಥೆಗಳ ಮೇಲೊಂದು ಪ್ರಬಂಧ ಓದಿ ಈ ಆಟಕ್ಕೆ ದಾರಿ ಹಾಕಿಕೊಟ್ಟರು. ಆಮೇಲೆ ಡೊರೊಥಿ ಸೇಯರ್ಸ್ ಬಂದು, ಆ 'ಎಚ್' ಅಂದರೆ ಹೇಮಿಷ್, ಅದು ಜೇಮ್ಸ್ ಎಂಬುದರ ಸ್ಕಾಟ್ಲೆಂಡ್ ರೂಪ, ಹೆಂಡತಿ ಪ್ರೀತಿಯಿಂದ ಹಾಗೆ ಕರೆದಿದ್ದಾಳೆ ಎಂದು ಗಂಟು ಬಿಡಿಸಿದರು. ಎಂಥ ಸೊಗಸಾದ ಉತ್ತರ! ನಿಜವಲ್ಲ ಎಂಬುದೊಂದು ಸಣ್ಣ ಕೊರತೆ.

ಸ್ಟಾರ್ ಟ್ರೆಕ್‌ನ ಮೂಲವೂ ಹೀಗೆಯೇ ಹರಕುಮುರುಕು. ವಾರಕ್ಕೊಂದು ಕಂತು ಹೊಸೆಯುವ ಅವಸರದಲ್ಲಿ ಒಬ್ಬ ಬರೆದದ್ದನ್ನು ಇನ್ನೊಬ್ಬ ಓದಿರುತ್ತಿರಲಿಲ್ಲ. ಜೇಮ್ಸ್ ಟಿ. ಕರ್ಕ್ ಎಂದು ಲೋಕಪ್ರಸಿದ್ಧನಾದವನ ಗೋರಿಕಲ್ಲಿನ ಮೇಲೆ ಆರಂಭದ ಒಂದು ಕಂತಿನಲ್ಲಿ ಜೇಮ್ಸ್ ಆರ್. ಕರ್ಕ್ ಎಂದು ಕೆತ್ತಿದೆ. ಅವನಿಗೆ ಸಂಬಳ ಕೊಡುವ ಸಂಸ್ಥೆಯ ಹೆಸರೂ ಮೊದಮೊದಲು ಕಂತಿನಿಂದ ಕಂತಿಗೆ ಬದಲಾಗುತ್ತಿತ್ತು. ಯಾರಿಗೆ ಬೇಕಿತ್ತು? ಒಂದು ಸಲ ಪ್ರಸಾರವಾದದ್ದನ್ನು ಜನ ಹತ್ತು ಸಲ ನೋಡುತ್ತಾರೆ ಎಂಬ ಕಲ್ಪನೆ ಆಗ ಯಾರಿಗೂ ಇರಲಿಲ್ಲ. 79 ಕಂತು ತೋರಿಸಿ 1969ರಲ್ಲಿ ಎನ್‌ಬಿಸಿ ಕೈತೊಳೆದುಕೊಂಡಿತು. ಊರೂರಿನ ಸಣ್ಣ ಸ್ಟೇಷನ್ನುಗಳು ಅದನ್ನೇ ಕೊಂಡು ಸಂಜೆ ಸಂಜೆ ಮರುಪ್ರಸಾರ ಮಾಡಿದವು. ಅಭಿಮಾನಿಗಳು ಬಹುಪಾಲು ಹುಟ್ಟಿದ್ದು ಅಲ್ಲಿಂದ. ಅದೇ ಕಂತನ್ನು ಮತ್ತೆ ಮತ್ತೆ ನೋಡಿದವನಿಗೆ ಕಥೆ ಸವೆದು ಗೋರಿಕಲ್ಲಿನ ಅಕ್ಷರ ಕಾಣತೊಡಗುತ್ತದೆ.

ಇಂಥವರ ಮುಂದೆ 2001ರ ಸೆಪ್ಟೆಂಬರ್‌ನಲ್ಲಿ ರಿಕ್ ಬರ್ಮನ್, ಬ್ರಾನನ್ ಬ್ರಾಗಾ ಎಂಬಿಬ್ಬರು 'ಎಂಟರ್‌ಪ್ರೈಸ್' ಎಂಬ ಪ್ರೀಕ್ವೆಲ್ ತಂದಿಟ್ಟರು. ಅವರ ಧೈರ್ಯ ಮೆಚ್ಚಬೇಕು. ಕಥೆ ಕರ್ಕ್‌ಗಿಂತ ನೂರು ಚಿಲ್ಲರೆ ವರ್ಷ ಹಿಂದಿನದು, 2151ರಲ್ಲಿ ಶುರು. ಕ್ಯಾಪ್ಟನ್ ಜೊನಾಥನ್ ಆರ್ಚರ್, ಅವನ ಜೊತೆಗೆ ಪೋರ್ಥೋಸ್ ಎಂಬ ಬೀಗಲ್ ನಾಯಿ, ಮೇಲ್ವಿಚಾರಣೆಗೆಂದು ಬಂದು ಉಳಿದುಬಿಟ್ಟ ಟಿಪೋಲ್ ಎಂಬ ವಲ್ಕನ್ ಹೆಣ್ಣು, ಟ್ರಿಪ್ ಎಂಬ ಬಾಯಿಬಡುಕ ಎಂಜಿನಿಯರ್.

ಪ್ರೀಕ್ವೆಲ್‌ನ ಮೊದಲ ಸಂಕಟ ಕಣ್ಣಿಗೇ ಬಡಿಯುವಂಥದು. 1966ರಲ್ಲಿ ಪ್ಲೈವುಡ್ಡಿಗೆ ಬಣ್ಣದ ಗುಂಡಿ ಅಂಟಿಸಿ ಮಾಡಿದ ಹಡಗು ಕಥೆಯಲ್ಲಿ ನೂರು ವರ್ಷ ಮುಂದಿನದು. 2001ರಲ್ಲಿ ಚಪ್ಪಟೆ ಪರದೆಗಳನ್ನು ಜೋಡಿಸಿ ಮಾಡಿದ ಹಡಗು ನೂರು ವರ್ಷ ಹಳೆಯದು. ಅಜ್ಜನ ಕೈಯಲ್ಲಿ ಸ್ಮಾರ್ಟ್‌ಫೋನ್, ಮೊಮ್ಮಗನ ಮನೆಯಲ್ಲಿ ಬೆರಳು ಹಾಕಿ ತಿರುಗಿಸುವ ಕಪ್ಪು ಟೆಲಿಫೋನ್ ಇದ್ದಹಾಗೆ. ಎರಡನೆಯ ಸಂಕಟ ಇನ್ನೂ ದೊಡ್ಡದು: ಕೊನೆಗೆ ಏನಾಗುತ್ತದೆ ಎಂದು ನೋಡುವವನಿಗೆ ಮೊದಲೇ ಗೊತ್ತು. ಭೂಮಿ ಉಳಿಯುತ್ತದೆ, ಗ್ರಹಗಳ ಒಕ್ಕೂಟ ಆಗಿಯೇ ಆಗುತ್ತದೆ, ಕರ್ಕ್ ಹುಟ್ಟಿಯೇ ಹುಟ್ಟುತ್ತಾನೆ. ಇನ್ನು ಗಾಬರಿ ಎಲ್ಲಿಂದ ತರುವುದು?

ನಮ್ಮ ಮನೆಯಲ್ಲಿ ಈ ಜಗಳಕ್ಕೆ ಪ್ರತಿನಿಧಿಗಳಿದ್ದಾರೆ. ಅಕ್ಕನ ಮಗ ಸಾಫ್ಟ್‌ವೇರ್ ಕಂಪನಿಯಲ್ಲಿ ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುತ್ತಾನೆ. ಅವನ ತಂಗಿ ಪತ್ರಿಕೆಯೊಂದರಲ್ಲಿ ಬೇರೆಯವರು ಬರೆದ ಕಾಪಿ ತಿದ್ದುತ್ತಾಳೆ. ಅವನಿಗೆ ಕಂಟಿನ್ಯುಯಿಟಿಯ, ಅಂದರೆ ಕಥೆಯ ಹಿಂದುಮುಂದು ಹೊಂದಬೇಕೆಂಬ ಚಿಂತೆ, ಅವಳಿಗೆ ಬರವಣಿಗೆಯ ಚಿಂತೆ. ಇಬ್ಬರೂ ಒಂದೇ ಸೋಫಾದಲ್ಲಿ ಕೂತು ಹಳೆಯ ಕಂತುಗಳನ್ನು ನೋಡುವಾಗ ನಡುವೆ ಕೂರುವ ಯೋಗ ನನ್ನದು.

"ಮಾವ, ಇಲ್ಲಿ ನೋಡಿ" ಎನ್ನುತ್ತಾನೆ ಅವನು. "ಈ ಕಾಲಕ್ಕೆ ರಕ್ಷಣೆಯ ಶೀಲ್ಡ್ ಇನ್ನೂ ಬಂದಿಲ್ಲ ಅಂತ ಇವರೇ ಹೇಳ್ತಾರೆ. ಸರಿ. ಹಡಗಿನ ಹೊರ ತಗಡಿಗೆ ಏನೋ ವಿದ್ಯುತ್ ಹಾಯಿಸ್ತಾರೆ, ಅದನ್ನ ಹಲ್ ಪ್ಲೇಟಿಂಗ್ ಅಂತಾರೆ. ಏಟು ಬಿದ್ದ ತಕ್ಷಣ ಅದು ಶೇಕಡಾ ಇಷ್ಟಕ್ಕೆ ಇಳೀತು ಅಂತ ಕೂಗ್ತಾರೆ. ಶೀಲ್ಡ್ ಅನ್ನೋ ಕಡೆ ಪ್ಲೇಟಿಂಗ್ ಅಂತ ಹಾಕಿದ್ದು ಬಿಟ್ರೆ ವ್ಯತ್ಯಾಸ ಏನು?"

"ಅಣ್ಣ, ಅದು ಕಂಟಿನ್ಯುಯಿಟಿ ತಪ್ಪಲ್ಲ ಕಣೋ, ಸೋಮಾರಿತನ" ಎನ್ನುತ್ತಾಳೆ ತಂಗಿ.

ಭಾವನವರು ಹಿಂದೆ ನಿಂತು ನೋಡಿ, "ಈ ನಾಯಿ ಚೆನ್ನಾಗಿದೆ" ಎಂದು ಹೇಳಿ ಒಳಗೆ ಹೋಗುತ್ತಾರೆ. ಒಂದೊಂದು ಸಲ ಇಡೀ ಕಂತಿನ ಬಗ್ಗೆ ಹೇಳಲು ಉಳಿದಿರುವುದೂ ಅಷ್ಟೇ.

ಅಳಿಯನ ಆರೋಪಪಟ್ಟಿ ದೊಡ್ಡದು. ಅವನೊಬ್ಬನದೇ ಅಲ್ಲ, ಆ ಕಾಲದ ಅಭಿಮಾನಿಗಳೆಲ್ಲರದೂ ಹೌದು. ರೊಮುಲನ್ನರೆಂಬ ಇನ್ನೊಂದು ಶತ್ರುಗಳ ಗುಂಪಿನ ಮುಖವನ್ನು ಕರ್ಕ್ ಕಾಲದವರೆಗೆ ಮನುಷ್ಯರು ಕಂಡೇ ಇರಲಿಲ್ಲ, ಅವರ ಹಡಗು ಮಾಯವಾಗುವ ವಿದ್ಯೆ 1966ರ ಕಂತಿನಲ್ಲಿ ಸ್ಪಾಕ್‌ಗೂ ಹೊಸದು. ಎಂಟರ್‌ಪ್ರೈಸ್‌ನವರು ಮುಖವನ್ನೇನೋ ಮುಚ್ಚಿಟ್ಟರು. ಮಾಯವಾಗುವ ಹಡಗನ್ನು ಮಾತ್ರ ನೂರು ವರ್ಷ ಮೊದಲೇ ತಂದು ನಿಲ್ಲಿಸಿದರು. ಫೆರೆಂಗಿ ಎಂಬ ಪರಗ್ರಹದವರ ಜೊತೆ ಮನುಷ್ಯರ ಮೊದಲ ಭೇಟಿ 2364ರಲ್ಲಿ ಎಂದು ಹಿಂದಿನ ಧಾರಾವಾಹಿಯಲ್ಲಿ ಆಗಿಹೋಗಿದೆ. ಇಲ್ಲಿ ಇನ್ನೂರು ವರ್ಷ ಮುಂಚೆಯೇ ಬಂದು ಹಡಗು ದೋಚುತ್ತಾರೆ. ಹೆಸರು ಹೇಳುವುದಿಲ್ಲವಾದ್ದರಿಂದ ಅದು ಭೇಟಿಯಲ್ಲವಂತೆ! ಬೋರ್ಗ್ ಎಂಬ ಯಂತ್ರಮನುಷ್ಯರೂ ಹಾಗೆಯೇ ಹೆಸರು ಹೇಳದೆ ಬಂದು ಹೋಗುತ್ತಾರೆ. ಮನೆಗೆ ಬಂದ ಕಳ್ಳ ವಿಳಾಸ ಕೊಡದಿದ್ದರೆ ಕಳವೇ ಆಗಿಲ್ಲ ಎನ್ನುವ ನ್ಯಾಯ.

ಇಲ್ಲೊಂದು ವಿಚಿತ್ರವಿದೆ. ಬೋರ್ಗ್ ಬಂದ ಕಂತನ್ನು ಬೈಯುತ್ತಲೇ ಜನ ಮತ್ತೆ ಮತ್ತೆ ನೋಡಿದರು. ಫೆರೆಂಗಿ ಕಂತನ್ನು ಬೈದು ಬಿಟ್ಟರು. ಅಪರಾಧ ಒಂದೇ, ಶಿಕ್ಷೆ ಬೇರೆ. ಯಾಕೆಂದರೆ ಮೊದಲನೆಯದು ಹಿಮದೊಳಗಿಂದ ಹೆಣಗಳು ಎದ್ದುಬರುವ, ಬಿಗಿಯಾಗಿ ಹೇಳಿದ ಹೆದರಿಕೆಯ ಕಥೆ. ಎರಡನೆಯದರಲ್ಲಿ ನಾಲ್ಕು ಜನ ದೊಡ್ಡ ಕಿವಿಯವರು ಓಡಾಡುತ್ತಾರೆ. ಇದನ್ನು ಗಮನಿಸಿದ ಮೇಲೆ ನನಗೆ ಕಂಟಿನ್ಯುಯಿಟಿ ಎಂಬ ದೂರಿನ ಮೇಲೇ ಅನುಮಾನ ಶುರುವಾಯಿತು. ಕಥೆ ಬೇಸರ ಬರಿಸಿದಾಗ 'ಬೇಸರವಾಯಿತು' ಎನ್ನಲು ಅಭಿಮಾನಿಗೆ ಸಂಕೋಚ. ಅದಕ್ಕೆ ದಾಖಲೆ ಇಲ್ಲವಲ್ಲ. ಇಸವಿ ತಪ್ಪಿದೆ ಎಂದರೆ ದಾಖಲೆ ಉಂಟು, ವಾದಿಸಬಹುದು, ಗೆಲ್ಲಬಹುದು. ಮೈಮರೆತು ನೋಡುವವನು ಇಸವಿ ಎಣಿಸುವುದಿಲ್ಲ. ಎಣಿಸುತ್ತಿದ್ದಾನೆ ಎಂದರೆ ಆಕಳಿಸುತ್ತಿದ್ದಾನೆ ಎಂದೇ ಅರ್ಥ.

ಇದಕ್ಕೆ ನನ್ನ ಹತ್ತಿರವಿರುವ ಗಟ್ಟಿ ಸಾಕ್ಷಿ 2002ರ 'ಕಾರ್ಬನ್ ಕ್ರೀಕ್' ಎಂಬ ಕಂತು. ವಲ್ಕನ್ನರು ಭೂಮಿಗೆ ಮೊದಲು ಕಾಲಿಟ್ಟದ್ದು 2063ರ ಏಪ್ರಿಲ್ 5ರಂದು; 1996ರ ಸಿನಿಮಾ ಒಂದರ ಇಡೀ ಕಥೆ ನಿಂತಿರುವುದೇ ಆ ತಾರೀಖಿನ ಮೇಲೆ. ಈ ಕಂತಿನಲ್ಲಿ ಟಿಪೋಲ್ ಊಟದ ಮೇಜಿನಲ್ಲಿ ಕೂತು, ಹಾಗಲ್ಲ, 1957ರಲ್ಲೇ ಬಂದಿದ್ದರು ಎಂದು ಶುರು ಮಾಡುತ್ತಾಳೆ. ಸ್ಪುಟ್ನಿಕ್ ಹಾರಿದ್ದನ್ನು ನೋಡಲು ಬಂದ ವಲ್ಕನ್ ಹಡಗು ಪೆನ್ಸಿಲ್ವೇನಿಯಾದ ಗಣಿ ಊರಿನ ಹತ್ತಿರ ಕೆಟ್ಟು ಬಿತ್ತಂತೆ. ಬದುಕಿದವರು ಬಟ್ಟೆ ಕದ್ದು, ಚೂಪು ಕಿವಿಯನ್ನು ಟೊಪ್ಪಿಗೆಯಲ್ಲಿ ಮುಚ್ಚಿ ಊರಿಗೆ ಬಂದರು. ಒಬ್ಬ ಗಣಿಗೆ ಕೆಲಸಕ್ಕೆ ಹೋದ, ಟೆಲಿವಿಷನ್ನಿಗೂ ಬೇಸ್‌ಬಾಲ್‌ಗೂ ಮನಸೋತ. ಟಿಪೋಲ್‌ಳ ಪೂರ್ವಜಳಾದ ಟಿಮಿರ್ ಎಂಬವಳು, ಓದುವ ಆಸೆಯಿದ್ದು ದುಡ್ಡಿಲ್ಲದ ಹುಡುಗನೊಬ್ಬನಿಗಾಗಿ ವೆಲ್ಕ್ರೋ ಪಟ್ಟಿಯ ಗುಟ್ಟನ್ನು ವ್ಯಾಪಾರಿಯೊಬ್ಬನಿಗೆ ಮಾರಿ, ಬಂದ ಹಣವನ್ನು ಸದ್ದಿಲ್ಲದೆ ಅವನ ಕಾಲೇಜು ಖರ್ಚಿಗೆ ಬಿಟ್ಟು ಹೋದಳು. ನಮ್ಮ ಲೋಕದಲ್ಲಿ ವೆಲ್ಕ್ರೋ ಕಂಡುಹಿಡಿದ ಸ್ವಿಸ್ ಎಂಜಿನಿಯರ್‌ನ ಹೆಸರು ಜಾರ್ಜ್ ದ ಮೆಸ್ತ್ರಾಲ್. ಕಥೆಯಲ್ಲಿ ಹಿಂದಿರುಗಿ ಹೋಗಲು ಮನಸ್ಸಾಗದೆ ಭೂಮಿಯಲ್ಲೇ ಉಳಿದುಬಿಡುವ ವಲ್ಕನ್‌ನ ಹೆಸರೂ ಮೆಸ್ತ್ರಾಲ್!

ಕೇಳಿ ಮುಗಿಸಿದ ಆರ್ಚರ್, ಟ್ರಿಪ್ ಇಬ್ಬರಿಗೂ ಇದು ನಿಜವೋ ಕಟ್ಟುಕಥೆಯೋ ತಿಳಿಯುವುದಿಲ್ಲ. ಟಿಪೋಲ್ ಏನೂ ಹೇಳದೆ ತನ್ನ ಕೋಣೆಗೆ ಹೋಗಿ ಒಂದು ಹಳೆಯ ಕೈಚೀಲ ತೆಗೆದು ನೋಡುತ್ತಾಳೆ. ಇತಿಹಾಸದ ಬುಡಕ್ಕೇ ಕೊಡಲಿ ಹಾಕಿದ ಈ ಕಂತನ್ನು ತಕರಾರಿನವರೇ ಮೆಚ್ಚಿಕೊಂಡಾಡಿದರು. ನಮ್ಮ ಅಳಿಯನೂ, "ಅದು ಆಕೆ ಹೇಳಿದ ಕಥೆ ಮಾವ, ಲೆಕ್ಕಕ್ಕಿಲ್ಲ" ಎಂದು ಬಿಡುಗಡೆಯ ತೀರ್ಪು ಕೊಟ್ಟಿದ್ದಾನೆ. ಕೈಚೀಲದ ಸುದ್ದಿ ಎತ್ತಿದರೆ ಕಾಫಿ ತರಲು ಏಳುತ್ತಾನೆ.

ಈ ಕಂತು ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯ 2003ರ ಅಂತಿಮ ಪಟ್ಟಿಯಲ್ಲಿತ್ತು. ಅದೇ ಪಟ್ಟಿಯಲ್ಲಿ ಇದೇ ಧಾರಾವಾಹಿಯ ಇನ್ನೊಂದು ಕಂತೂ ಇತ್ತು: ಪೋರ್ಥೋಸ್ ನಾಯಿ ಪರಗ್ರಹವೊಂದರ ಪವಿತ್ರ ಮರಕ್ಕೆ ಕಾಲೆತ್ತಿ, ತಾನೂ ಕಾಯಿಲೆ ಬಿದ್ದು, ಕ್ಯಾಪ್ಟನ್ ರಾತ್ರಿಯೆಲ್ಲ ಅದರ ಪಕ್ಕ ಕೂರುವ ಕಥೆ. ಅದನ್ನು ಅತಿ ಕೆಟ್ಟ ಕಂತು ಎನ್ನುವ ಅಭಿಮಾನಿಗಳು ಬೇಕಾದಷ್ಟಿದ್ದಾರೆ. ಭಾವನವರು ಪೂರ್ತಿ ನೋಡಿದ ಕಂತು ಅದೊಂದೇ.

ಇನ್ನು ಕಾಲಯಾನದ ವಿಷಯ. ಮೊದಲ ಕಂತಿನಿಂದಲೇ ಇದರಲ್ಲಿ ಭವಿಷ್ಯದವರು ಬಂದು ಭೂತಕಾಲವನ್ನು ಕೆದಕುವ 'ಕಾಲದ ಶೀತಲ ಸಮರ' ಎಂಬ ಗೊಂದಲವಿದೆ. ಅದರ ಸೂತ್ರಧಾರನ ಮುಖ ಮಬ್ಬು. ಅವನು ಯಾರೆಂದು ಧಾರಾವಾಹಿ ಮುಗಿಯುವವರೆಗೂ ಹೇಳಲೇ ಇಲ್ಲ. ಆದರೆ ಅಭಿಮಾನಿಗಳಿಗೆ ಇದರಿಂದ ದೊಡ್ಡ ಉಪಕಾರವಾಯಿತು. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ 'ಯಾರೋ ಕಾಲವನ್ನು ಕೆದಕಿದ್ದಾರೆ' ಎಂದರೆ ಮುಗಿಯಿತು. ಸರ್ವರೋಗಕ್ಕೂ ಒಂದೇ ಲೇಹ್ಯ. ಇತ್ತೀಚೆಗೆ ಬರೆಯುವವರೇ ಅದನ್ನು ನೆಕ್ಕತೊಡಗಿದ್ದಾರೆ. ಖಾನ್ ಎಂಬ ಖಳನಾಯಕನ ಯುದ್ಧಗಳು 1990ರ ದಶಕದಲ್ಲಿ ನಡೆದವೆಂದು 1967ರಲ್ಲಿ ಬರೆದಿಟ್ಟಿದ್ದರು. ಆ ದಶಕವನ್ನು ನಾವೆಲ್ಲ ಕಳೆದೆವು, ಅಂಥ ಯುದ್ಧ ಕಾಣಲಿಲ್ಲ. ಸರಿ, 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್' ಎಂಬ ಇನ್ನೊಂದು ಪ್ರೀಕ್ವೆಲ್ 2023ರಲ್ಲಿ ಖಾನ್‌ನ ಹುಟ್ಟನ್ನೇ ಮುಂದೂಡಿತು. 2017ರ 'ಡಿಸ್ಕವರಿ' ಇನ್ನೊಂದು ಉಪಾಯ ಮಾಡಿತು. ಸ್ಪಾಕ್‌ಗೆ ಒಬ್ಬ ಸಾಕು ಅಕ್ಕ ಇದ್ದಳು ಎಂದು ಹೊಸದಾಗಿ ಹೇಳಿತು. ಐವತ್ತು ವರ್ಷದಲ್ಲಿ ಸ್ಪಾಕ್ ಒಮ್ಮೆಯೂ ಆಕೆಯ ಸುದ್ದಿ ಎತ್ತಿಲ್ಲವಲ್ಲ? ಎರಡನೆಯ ಸೀಸನ್ನಿನ ಕೊನೆಗೆ ಆಕೆ ತನ್ನ ಹಡಗಿನೊಡನೆ ಒಂಬೈನೂರು ವರ್ಷ ಮುಂದಕ್ಕೆ ಹಾರಿದಳು. ಇಲ್ಲಿ ಉಳಿದವರು ಈ ವಿಷಯ ಮಾತಾಡಿದರೆ ರಾಜದ್ರೋಹ ಎಂದು ಕಾನೂನಾಯಿತು. ಮನೆಮಂದಿಯ ಬಾಯಿ ಮುಚ್ಚಿಸಲು ಇಷ್ಟು ಖರ್ಚು ಮಾಡಿದ ಕುಟುಂಬ ಇನ್ನೊಂದಿರಲಿಕ್ಕಿಲ್ಲ.

ಎಲ್ಲರಿಗೂ ಗೊತ್ತಿರುವ ಕಥೆಗೆ ಕೈ ಹಾಕಿದವರು ನಮ್ಮಲ್ಲೂ ಇದ್ದಾರೆ. ಹತ್ತನೆಯ ಶತಮಾನದಲ್ಲಿ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ಅರ್ಜುನನ ಜಾಗದಲ್ಲಿ ತನ್ನ ಅರಸ ಅರಿಕೇಸರಿಯನ್ನು ಕೂರಿಸಬೇಕಿತ್ತು. ಕಂಟಿನ್ಯುಯಿಟಿಯ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಅಪರಾಧ ಉಂಟೇ? ವಿದ್ವಾಂಸರು ಅದನ್ನು ಚರ್ಚಿಸಿದ್ದಾರೆ, ಆದರೆ ಪಂಪನನ್ನು ಯಾರೂ ಕೆಳಗಿಳಿಸಿಲ್ಲ. ಬರೆಯಬಲ್ಲವನಿಗೆ ರಿಯಾಯಿತಿ ಇದೆ.

ಎಂಟರ್‌ಪ್ರೈಸ್‌ನ ನಾಲ್ಕನೆಯ ಸೀಸನ್ನಿಗೆ ಮ್ಯಾನಿ ಕೋಟೋ ಚುಕ್ಕಾಣಿ ಹಿಡಿದರು. ಅಭಿಮಾನಿಗಳ ತಕರಾರುಗಳನ್ನೇ ಅವರು ಕಥೆ ಮಾಡಿಕೊಂಡರು. ಸುಳ್ಳೇ ಹೇಳದ ವಲ್ಕನ್ನರು ಆರ್ಚರ್ ಕಾಲದಲ್ಲಿ ಮಾತ್ರ ಯಾಕೆ ಇಷ್ಟು ಕುತಂತ್ರಿಗಳು ಎಂದು ಜನ ಮೂರು ವರ್ಷದಿಂದ ಕೇಳುತ್ತಿದ್ದರು. ಅದಕ್ಕೆ ಮೂರು ಕಂತುಗಳಲ್ಲಿ ಉತ್ತರ ಬಂತು: ಅವರು ತಮ್ಮ ಗುರು ಸುರಾಕ್‌ನ ಮೂಲ ಬೋಧೆಯನ್ನು ಕಳೆದುಕೊಂಡಿದ್ದರು, ಮರುಭೂಮಿಯಲ್ಲಿ ಅದು ಮತ್ತೆ ಸಿಗುತ್ತದೆ. ಹಳೆಯ ತಪ್ಪು ಹೊಸ ಕಥೆಯ ಬೇರಾಯಿತು. ಇದು ನಿಜವಾದ ಬರವಣಿಗೆ; ಅಣ್ಣ ತಂಗಿ ಇಬ್ಬರೂ ಒಪ್ಪಿದ್ದು ಇದೊಂದನ್ನೇ.

2005ರ ಫೆಬ್ರವರಿಯಲ್ಲಿ ಹಣೆಯ ಸರದಿಯೂ ಬಂತು. ಕ್ಲಿಂಗನ್ನರು ತಮ್ಮ ಯೋಧರನ್ನು ಬಲಪಡಿಸಲು ಮನುಷ್ಯರ ತಿದ್ದಿದ ವಂಶವಾಹಿಯನ್ನು ಬಳಸಿದರು, ಅದು ಸೋಂಕಾಗಿ ಹಬ್ಬಿತು, ಆರ್ಚರ್ ಹಡಗಿನ ಡಾಕ್ಟರ್ ಫ್ಲಾಕ್ಸ್ ಕೊಟ್ಟ ಮದ್ದಿನಿಂದ ಜೀವ ಉಳಿಯಿತು, ಹಣೆಯ ಏಣು ಹೋಯಿತು. ಜಾಣ ಉತ್ತರ. ಎಲ್ಲಿಯೂ ಬಿರುಕಿಲ್ಲ. ಆದರೂ ನನಗೆ 1996ರ ಉತ್ತರವೇ ಮೇಲು ಎನಿಸುತ್ತದೆ. 'ಡೀಪ್ ಸ್ಪೇಸ್ ನೈನ್' ಎಂಬ ಧಾರಾವಾಹಿಯ ಜನ ಕಾಲದಲ್ಲಿ ಹಿಂದೆ ಹೋಗಿ, ನುಣುಪು ಹಣೆಯ ಕ್ಲಿಂಗನ್ನರನ್ನು ಕಂಡು ದಂಗಾಗಿ, ತಮ್ಮ ಜೊತೆಗಿದ್ದ ಏಣು ಹಣೆಯ ವೋರ್ಫ್‌ನ ಮುಖ ನೋಡುತ್ತಾರೆ. ಇದು ನಾವು ಹೊರಗಿನವರ ಹತ್ತಿರ ಮಾತಾಡುವ ವಿಷಯವಲ್ಲ ಎಂಬರ್ಥದಲ್ಲಿ ಗಂಟುಮುಖ ಹಾಕಿ ಒಂದು ಮಾತು ಹೇಳಿ ಅವನು ಸುಮ್ಮನಾಗುತ್ತಾನೆ. ಆ ಒಂದು ಮಾತಿನಲ್ಲಿ ಇಡೀ ಜನಾಂಗದ ಮಾನ ಮರ್ಯಾದೆ ಇತ್ತು. ಎರಡು ಕಂತಿನ ವೈದ್ಯಶಾಸ್ತ್ರದಲ್ಲಿ ಅದಿಲ್ಲ.

ಕೊನೆಯ ಕಂತು ಪ್ರಸಾರವಾದದ್ದು 2005ರ ಮೇ 13ರಂದು. ಅದರಲ್ಲಿ ಇಸವಿಯ ತಪ್ಪು ಹುಡುಕಿದರೂ ಸಿಗದು. ಆದರೆ ಇಡೀ ಕಂತು ಇನ್ನೂರು ವರ್ಷ ಆಚೆಯ ಇನ್ನೊಂದು ಧಾರಾವಾಹಿಯ ರೈಕರ್ ಎಂಬ ಅಧಿಕಾರಿ ತನ್ನ ಹಡಗಿನ ಮಾಯಾಕೋಣೆಯಲ್ಲಿ ನಿಂತು ನೋಡುವ ಆಟ. ಅದು ನಡೆಯುವುದು 1994ರಲ್ಲಿ ಬಂದ ಒಂದು ಕಂತಿನ ನಡುವೆ. ಹನ್ನೊಂದು ವರ್ಷ ಹೆಚ್ಚು ತೂಗುವ ರೈಕರ್ ಹಳೆಯ ಸಮವಸ್ತ್ರದಲ್ಲಿ ಉಸಿರು ಬಿಗಿಹಿಡಿದಿದ್ದಾನೆ. ಟ್ರಿಪ್‌ನನ್ನು ಅವಸರವಸರವಾಗಿ ಸಾಯಿಸುತ್ತಾರೆ. ಒಕ್ಕೂಟ ಕಟ್ಟುವ ದಿನದ ಭಾಷಣ ಬರೆಯಲು ಆರ್ಚರ್ ಇಡೀ ಕಂತು ಒದ್ದಾಡುತ್ತಾನೆ. ವೇದಿಕೆ ಹತ್ತಿ ಇನ್ನೇನು ಬಾಯಿ ತೆರೆಯಬೇಕು, ರೈಕರ್ ಆಟ ನಿಲ್ಲಿಸಿಬಿಡುತ್ತಾನೆ. ನಾಲ್ಕು ವರ್ಷ ಕಾದವರಿಗೆ ಭಾಷಣ ಕೇಳಿಸಲೇ ಇಲ್ಲ. 98 ಕಂತುಗಳಲ್ಲಿ ಇಷ್ಟು ಬೈಗುಳ ತಿಂದದ್ದು ಇನ್ನೊಂದಿಲ್ಲ. ಕಂಟಿನ್ಯುಯಿಟಿ ಸರಿಯಾಗಿದ್ದೂ ಕಥೆ ಸತ್ತಿರಬಹುದು ಎಂಬುದಕ್ಕೆ ಬೇರೆ ಪುರಾವೆ ಬೇಡ. ಆಮೇಲೆ 2007ರ ಕಾದಂಬರಿಯೊಂದರಲ್ಲಿ, ಟ್ರಿಪ್ ಸತ್ತಿಲ್ಲ, ಆ ದಾಖಲೆಯೇ ಸುಳ್ಳು ಎಂದು ಬರೆದು ಅಭಿಮಾನಿಗಳಿಗೆ ಸಮಾಧಾನ ಹೇಳಲಾಯಿತು. ಹೇಮಿಷ್ ಎಂದ ಸೇಯರ್ಸ್ ಮೆಚ್ಚುತ್ತಿದ್ದರೇನೋ.

ನಾಲ್ಕು ವರ್ಷ ತಪ್ಪು ಎಣಿಸಿದ ಇದೇ ಗುಂಪಿನವರು, ಧಾರಾವಾಹಿ ನಿಲ್ಲುತ್ತದೆ ಎಂದು ತಿಳಿದಾಗ ಐದನೆಯ ಸೀಸನ್ನಿಗೆಂದು ಜೇಬಿನಿಂದ ಹಣ ಹಾಕಿ ಚಂದಾ ಎತ್ತಿದರು, ಬೀದಿಯಲ್ಲಿ ಫಲಕ ಹಿಡಿದು ನಿಂತರು. ಅವರ ಹಿರಿಯರು 1976ರಲ್ಲಿ ರಾಶಿ ರಾಶಿ ಪತ್ರ ಬರೆದು ನಾಸಾದ ಮೊದಲ ಶಟಲ್‌ಗೆ ಎಂಟರ್‌ಪ್ರೈಸ್ ಎಂದು ಹೆಸರಿಡಿಸಿದ್ದರು. ಈ ಸಲ ಕೆಲಸವಾಗಲಿಲ್ಲ. ಧಾರಾವಾಹಿ ನಿಂತಿತು.

ನೋಡುವ ಮನಸ್ಸಾದವರಿಗೆ ಒಂದು ಮಾತು. ಶುರುವಿನ ಹಾಡನ್ನು ಹಾರಿಸಿ. ಅದು ಹೊಂದುವುದಿಲ್ಲ ಎಂಬ ವಿಷಯದಲ್ಲಿ ಭಿನ್ನಮತ ಕಡಿಮೆ. ಮೊದಲೆರಡು ಸೀಸನ್ನುಗಳಿಂದ 'ಕಾರ್ಬನ್ ಕ್ರೀಕ್', ಬೋರ್ಗ್ ಬರುವ 'ರೀಜನರೇಶನ್' ಆರಿಸಿಕೊಳ್ಳಿ, ನಾಯಿ ಸಾಕಿದವರಾದರೆ ಪೋರ್ಥೋಸ್‌ನ ಕಂತನ್ನೂ ಸೇರಿಸಿಕೊಳ್ಳಿ. ನಾಲ್ಕನೆಯ ಸೀಸನ್ ಪೂರ್ತಿ ನೋಡಿ. 'ಟೆರಾ ಪ್ರೈಮ್' ಎಂಬ ಕಂತು ಬಂದಾಗ ಕಥೆ ಮುಗಿಯುತ್ತದೆ. ಅದರ ಮುಂದೆ ಇನ್ನೊಂದು ಇದೆ ಎಂದು ಟಿವಿ ತೋರಿಸಿದರೂ ಎದ್ದು ಊಟಕ್ಕೆ ಹೋಗಿ.